ಸರ್‌ನೇಮ್ ಕಾಲಮ್ಮು

ಎಪ್ಪತ್ತರ ದಶಕದ ಮೊದಲಲ್ಲಿ, ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಒಂದು ಕಂಪನಿಯಿಂದ ನನಗೆ ಟೈಪಿಸ್ಟ್ ಕೆಲಸದ ಇಂಟರ್ವ್ಯೂ ಕಾಗದ ಬಂತು. ಸಿಕ್ಕರೆ ಕೆಲಸ, ಸಿಗದಿದ್ದರೆ ಆಷಾಢ ಕಳೆದ ಮೇಲೆ ಮೈಸೂರಿನ ಗಂಡಿನ ಜೊತೆ ಮದುವೆ. ಇದು ಅಮ್ಮನ ಷರತ್ತು. ಆ ಗಂಡನ್ನು ನಾನು ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

ಕೇಂದ್ರ ಸರ್ಕಾರದ ಗುಮಾಸ್ತರಾಗಿ ಕಲ್ಕತ್ತೆಗೆ ವರ್ಗವಾಗಿ ಬಂದಿದ್ದ ಅಪ್ಪ ವಾರವಿಡೀ ದಿನಾ ಬೆಳಿಗ್ಗೆ ಬೆತ್ತದ ಕುರ್ಚಿಯಲ್ಲಿ ಇಂಟರ್ವ್ಯೂ ಮಾಡುವ ಸಾಹೇಬರಾಗಿ ಕೂರುತ್ತಿದ್ದರು. ಪ್ರಶ್ನೆ ಅವರದು, ಉತ್ತರವೂ ಅವರೇ ಬರೆದುಕೊಟ್ಟದ್ದು. ನನ್ನದು ಗಿಳಿಪಾಠ.

“ಕಣ್ಣು ನೆಲದ ಮೇಲ್ಯಾಕಮ್ಮ? ಉತ್ತರ ಏನಾದ್ರೂ ಅಲ್ಲಿ ಬಿದ್ದಿದ್ಯಾ?”

“ಇಲ್ಲಪ್ಪ.”

“ಅಪ್ಪ ಅಲ್ಲ, ಸರ್ ಅನ್ನು!”

ಒಂದು ಮಾತು ತಪ್ಪಿದರೂ ಮತ್ತೆ ಮೊದಲಿನಿಂದ ಶುರು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು.

ಇಂಟರ್ವ್ಯೂ ದಿನ ಟ್ರಾಮಿನಲ್ಲೂ ಅಪ್ಪನ ಪರೀಕ್ಷೆ ನಿಲ್ಲಲಿಲ್ಲ. ಆಫೀಸಿನ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತೆ. ಪ್ಯೂನ್ ಬಾಗಿಲು ತೆರೆದು ಹೆಸರು ಕೂಗಿದ. ಅದು ಅಪ್ಪನ ಹೆಸರು! ನಮ್ಮ ಮನೆತನಕ್ಕೆ ಅಡ್ಡಹೆಸರೆಂಬುದೇ ಇಲ್ಲ. ಅರ್ಜಿಯಲ್ಲಿ ಸರ್‌ನೇಮ್ ಕಾಲಮ್ಮು ಖಾಲಿ ಬಿಡಬಾರದೆಂದು ಅಪ್ಪನೇ ಅಲ್ಲಿ ತಮ್ಮ ಹೆಸರು ತುಂಬಿಸಿದ್ದರು.

ಮೂವತ್ತು ವರ್ಷದ ನೌಕರಿಯ ಅಭ್ಯಾಸ ನೋಡಿ, ಹೆಸರು ಕೇಳಿದ್ದೇ ತಡ, “ಯೆಸ್ ಸರ್” ಎಂದು ಎದ್ದ ಅಪ್ಪ ನೇರ ಒಳಗೇ ನಡೆದುಬಿಟ್ಟರು. ನಾನು ಬೆಪ್ಪಾಗಿ ಕೂತೆ. ತೆರೆದ ಬಾಗಿಲಿನಿಂದ ಸಾಹೇಬರ ದನಿ ಕೇಳಿಸಿತು: ಟೈಪಿಂಗ್ ನಿಮಿಷಕ್ಕೆ ಎಷ್ಟು ಪದ? ಅಪ್ಪ ಥಟ್ಟನೆ ನಲವತ್ತು ಎಂದರು.

ಇನ್ನೂ ಕೂತರೆ ಕೆಟ್ಟೆ ಎನಿಸಿ ನಾನೂ ಒಳಗೆ ನುಗ್ಗಿದೆ. ಕಾಗದದಿಂದ ತಲೆಯೆತ್ತಿದ ಸಾಹೇಬರು ನಮ್ಮಿಬ್ಬರನ್ನೂ ನೋಡಿ, ಕೆಲಸ ಬೇಕಾಗಿರುವುದು ಯಾರಿಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಬಾಯಿ ತೆರೆದರು.

“ನನಗೆ, ಸರ್,” ಎಂದೆ. ಅಪ್ಪ ಬರೆದುಕೊಟ್ಟ ಹಾಳೆಯಲ್ಲಿ ಈ ಮಾತು ಇರಲಿಲ್ಲ. ಆಮೇಲೆ ಅವರ ಕಡೆ ತಿರುಗಿ, “ಅಪ್ಪ, ನೀವು ಹೊರಗಿರಿ,” ಎಂದೆ.

ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಕೊಡೆ ಎತ್ತಿಕೊಂಡು ಹೊರಗೆ ಹೋದರು.

ಕೆಲಸ ನನಗೆ ಸಿಕ್ಕಿತು. ಆದರೆ ಅಪ್ಪನ ಬೆನ್ನ ಹಿಂದೆ ಬಾಗಿಲು ಹಾಕಿದವಳು ನಾನೇ, ಅದು ಇವತ್ತಿಗೂ ಚುಚ್ಚುತ್ತದೆ.