ಹದಿನಾಲ್ಕು ಬಿಲ್ಲೆಗಳ ಗೋಡೆ

ಬಂಡೆಪ್ಪನವರ ಎತ್ತರ ಆರಡಿ ಎರಡಂಗುಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೈದರಾಬಾದಿನ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಆದ ಫಜೀತಿಗೆಲ್ಲ ಮೂಲ ಅದೇ.

ಲಿಂಗಸೂಗೂರು ಕಡೆಯ ಈ ಮನುಷ್ಯ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಅಲ್ಲಿ ಒಂದೊಂದು ಸ್ಪ್ಯಾನರೂ ಒಂದೊಂದು ಸುತ್ತಿಗೆಯೂ ಗೋಡೆಯ ಮೇಲೆ ತೂಗುತ್ತಿತ್ತು, ಅದರ ಹಿಂದೆ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿರುತ್ತಿತ್ತು. ಕೆಲಸಗಾರ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಬಂಡೆಪ್ಪನವರು ಸಾಮಾನು ತೆಗೆದುಕೊಟ್ಟು, ಆ ಬಿಲ್ಲೆಯನ್ನು ಅದೇ ಮೊಳೆಗೆ ಸಿಕ್ಕಿಸಬೇಕು. ಆಕಾರ ಖಾಲಿಯಿದ್ದು ಬಿಲ್ಲೆ ತೂಗುತ್ತಿದ್ದರೆ ಸಾಮಾನು ಕೆಲಸದ ಮೇಲಿದೆ. ಬಿಲ್ಲೆಯೂ ಇಲ್ಲದಿದ್ದರೆ ಕಳೆದುಹೋಗಿದೆ. ಎಲ್ಲ ಆಕಾರಗಳೂ ತುಂಬುವವರೆಗೆ ಅವರು ಬಾಗಿಲು ಹಾಕಿ ಮನೆಗೆ ಹೋದವರಲ್ಲ. ಇಷ್ಟು ವರ್ಷಗಳಲ್ಲಿ ಅವರ ಗೋಡೆಯಿಂದ ಒಂದು ಸ್ಕ್ರೂಡ್ರೈವರ್ ಕೂಡ ಕಳೆದಿರಲಿಲ್ಲ.

ನಿವೃತ್ತರಾದದ್ದು ಎರಡು ಸಾವಿರದ ಆರರಲ್ಲಿ. ಸುಮ್ಮನೆ ಕೂರುವ ಜಾಯಮಾನ ಅಲ್ಲ. ಮಿಯಾಪುರದ ಮನೆಯಿಂದ ಬಸ್ಸು ಹಿಡಿದು ಕೊಂಡಾಪುರಕ್ಕೆ ಬಂದು, ಒಂದು ಹೊಸ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಸುತ್ತ ಇನ್ನೂ ಬಂಡೆ ಸಿಡಿಸುತ್ತಿದ್ದ ಕಾಲ. ತಿಂಗಳಿಗೊಂದು ಗಾಜಿನ ಆಫೀಸು ಏಳುತ್ತಿತ್ತು, ಬೋನಸ್ಸು ಬಂದವರೆಲ್ಲ ಗೇರ್ ಸೈಕಲ್ ಕೊಳ್ಳುತ್ತಿದ್ದರು. ಕೊಂಡವರು ಅದನ್ನು ಕಾರು ನಿಲ್ಲಿಸುವ ನೆಲಮಾಳಿಗೆಯ ಮೂಲೆಗೆ ಒರಗಿಸಿ ಹೋಗಿಬಿಡುತ್ತಿದ್ದರು. ಒಂದರ ಪೆಡಲು ಇನ್ನೊಂದರ ಕಡ್ಡಿಗಳಲ್ಲಿ ಸಿಕ್ಕಿಕೊಂಡು, ಮೇಲೆ ಕ್ರಿಕೆಟ್ ಪ್ಯಾಡು, ಕೆಳಗೆ ಕಾರಿನ ಚಕ್ರಕ್ಕೆ ಸಿಕ್ಕ ಬ್ಯಾಡ್ಮಿಂಟನ್ ರ್‍ಯಾಕೆಟ್ಟು. ಅದನ್ನು ನೋಡಿ ಬಂಡೆಪ್ಪನವರಿಗೆ ಊಟ ಸೇರಲಿಲ್ಲ.

ಹದಿನೈದು ದಿನದಲ್ಲಿ ಅವರು ಆ ಉದ್ದನೆಯ ಗೋಡೆಯ ರೂಪವನ್ನೇ ಬದಲಿಸಿದರು. ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ಗಟ್ಟಿ ಜಾಗ ಹುಡುಕಿದರು. ಕಬ್ಬಿಣದ ಕೊಕ್ಕೆಗಳನ್ನು ತಾವೇ ಬಗ್ಗಿಸಿ, ಸೈಕಲ್ಲಿನ ಬಣ್ಣ ತರಚದಂತೆ ಹಳೆಯ ಟ್ಯೂಬು ಸುತ್ತಿದರು. ಸೈಕಲ್ ತೂಗುಹಾಕುವ ಮೊದಲು ಪ್ರತಿ ಕೊಕ್ಕೆಗೂ ತಾವೇ ಮೊಣಕಾಲು ಮಡಚಿ ನೇತಾಡಿ ನೋಡಿದರು. ಅರವತ್ತು ವರ್ಷದ ಮನುಷ್ಯ ಬಾವಲಿಯ ಹಾಗೆ ನೇತಾಡುವುದನ್ನು ನೋಡಲು ವಾಚ್‌ಮನ್ ಗೇಟು ಬಿಟ್ಟು ಬರುತ್ತಿದ್ದ. ಕೊನೆಗೆ ಹದಿನಾಲ್ಕು ಸೈಕಲ್ಲು, ಅವುಗಳ ನಡುವೆ ರ್‍ಯಾಕೆಟ್ಟು, ಬ್ಯಾಟು, ಬಲೆಯೊಳಗೆ ಫುಟ್‌ಬಾಲು, ಪ್ರತಿಯೊಂದರ ಹಿಂದೆಯೂ ಕಪ್ಪು ಆಕಾರ. ತಗಡು ಕತ್ತರಿಸಿ, ನಂಬರು ಕೊರೆದು ಹದಿನಾಲ್ಕು ಬಿಲ್ಲೆ ಮಾಡಿ ತಮ್ಮ ಮೇಜಿನ ಡಬ್ಬಿಯಲ್ಲಿಟ್ಟುಕೊಂಡರು. ಯಾರಾದರೂ ಬಂದು ಸೈಕಲ್ ಕೇಳಿದರೆ ತೆಗೆದುಕೊಟ್ಟು ಬಿಲ್ಲೆ ಸಿಕ್ಕಿಸುವುದು ಅವರ ಲೆಕ್ಕಾಚಾರ. ಜನ ಫೋಟೊ ತೆಗೆದುಕೊಂಡರು, ಚಪ್ಪಾಳೆ ತಟ್ಟಿದರು. ನಿಜಕ್ಕೂ ಚಂದವಿತ್ತು, ಅದರಲ್ಲಿ ಎರಡು ಮಾತಿಲ್ಲ.

ಏಳು ತಿಂಗಳು ಕಳೆದರೂ ಯಾರೂ ಬಂದು ಕೇಳಲಿಲ್ಲ. ಬಂಡೆಪ್ಪನವರು ದಿನಾ ಧೂಳು ಒರೆಸಿದರು, ಗಾಳಿ ತುಂಬಿದರು. ತುಂಬಿದ ಗೋಡೆಯನ್ನು ನೋಡಿದಾಗಲೆಲ್ಲ ಅವರಿಗೆ ಹಳೆಯ ಸಮಾಧಾನ.

ಒಂದು ಸೋಮವಾರ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರವಿಕಿರಣ ನೋಟೀಸು ಹಿಡಿದು ಬಂದ. ಬಳ್ಳಾರಿಯವನು, ಕೆಟ್ಟವನೇನಲ್ಲ. ಮನೆಮನೆಗೂ ಎರಡನೇ ಕಾರು ಬಂದು, ನಿಲ್ಲಿಸಲು ಜಾಗವಿಲ್ಲದೆ ಅವನ ತಲೆ ಕೆಟ್ಟಿತ್ತು.

"ಬಂಡೆಪ್ಪನೋರ, ಬೇಜಾರಾಗಬ್ಯಾಡ್ರಿ. ಮೀಟಿಂಗಿನ್ಯಾಗ ತೀರ್ಮಾನ ಆಗೈತಿ. ಭಾನುವಾರ ಎಂಟಕ್ಕ ಗುಜರಿಯವ ಬರ್ತಾನ. ಯಾರೂ ಮುಟ್ಟಲಾರದ ಸೈಕಲ್ ಎಲ್ಲಾ ಕೊಟ್ಟು, ಈ ಗೋಡಿ ಮುಂದಿನ ಜಾಗ ಕಾರಿಗೆ ಬಿಡೂದು."

"ಒಂದಕ್ಕೂ ಒಂದು ಗೆರಿ ಬಿದ್ದಿಲ್ಲ, ಸಾಹೇಬ್ರ."

"ಅದಕ್ಕರಿ. ಯಾರೂ ಓಡಿಸಿಲ್ಲ."

ಬಂಡೆಪ್ಪನವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಜೀವಮಾನದ ಕೆಲಸ ಗುಜರಿಗೆ ಹೋಗುತ್ತದೆಂಬ ಸಂಕಟ ಒಂದು ಕಡೆ. ಇಷ್ಟು ಚೆನ್ನಾಗಿಟ್ಟರೂ ಜನ ಯಾಕೆ ಮುಟ್ಟಲಿಲ್ಲ ಎಂಬುದು ಇನ್ನೊಂದು ಕಡೆ. ಸಂಜೆ ಮನೆಗೆ ಹೋಗದೆ ಗೋಡೆಯ ಹತ್ತಿರವೇ ನಿಂತರು. ಆಫೀಸಿನಿಂದ ಬಂದವರು ಕಾರು ಇಳಿದಾಗ ಕೇಳಬೇಕೆಂದಿದ್ದರು. ಮೊದಲು ಇಳಿದವಳು ವತ್ಸಲಾ, ಮೈಸೂರಿನ ಹುಡುಗಿ, ನಾಲ್ಕನೇ ನಂಬರಿನ ನೀಲಿ ಸೈಕಲ್ ಅವಳದು.

"ತಂಗಿ, ಸೈಕಲ್ ಮ್ಯಾಲಿನ ಆಸೆ ಹೋತೇನು?"

ವತ್ಸಲಾ ಬ್ಯಾಗು ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ ಅಂಕಲ್. ನಾನು ಓಡಿಸೋದು ಬೆಳಿಗ್ಗೆ ಆರಕ್ಕೆ. ನೀವು ಬರೋದು ಹತ್ತಕ್ಕೆ. ಒಂದ್ಸಲ ಸ್ಟೂಲ್ ಹಾಕ್ಕೊಂಡು ಇಳಿಸೋಕೆ ಹೋಗಿ ಸೈಕಲ್ ಸಮೇತ ಬಿದ್ದೆ. ಅವತ್ತಿಂದ ನೋಡ್ಕೊಂಡು ಹೋಗ್ತೀನಿ ಅಷ್ಟೆ."

"ನನಗ್ಯಾಕ ಹೇಳಲಿಲ್ಲವ್ವಾ?"

"ಅಷ್ಟು ಚೆನ್ನಾಗಿ ಮಾಡಿದ್ರಿ. ಹೇಗೆ ಹೇಳೋದು?"

ಬಂಡೆಪ್ಪನವರು ಗೋಡೆಯ ಕಡೆ ತಿರುಗಿದರು. ಹದಿನಾಲ್ಕೂ ಸೈಕಲ್ಲು ಅವರ ಕೈಗೆ ಹದವಾಗಿ ಸಿಗುವ ಎತ್ತರದಲ್ಲಿದ್ದವು. ವತ್ಸಲಾಳ ಕೈ ಕೊಕ್ಕೆಗೆ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ಟೂಲ್ ರೂಮಿನಲ್ಲಿ ತೆಗೆದುಕೊಡುವವರು ಅವರೊಬ್ಬರೇ, ಹಾಗಾಗಿ ಅಲ್ಲಿ ಅದು ಸರಿಯಿತ್ತು. ಇಲ್ಲಿಯೂ ಅವರು ತಮ್ಮ ಅಳತೆಗೇ ಗೋಡೆ ಕಟ್ಟಿದ್ದರು, ಬೇರೆ ಅಳತೆಯೊಂದಿದೆ ಎಂಬುದು ಹೊಳೆದಿರಲಿಲ್ಲ.

ಮನೆಗೆ ಹೋಗಿ ಹೆಂಡತಿ ಜಯಮ್ಮನಿಗೆ ಹೇಳಿದರು. ಜಯಮ್ಮ ಸ್ಟೂಲಿನ ಮೇಲೆ ಹತ್ತಿ ಗೋಡೆಯ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸುತ್ತಿದ್ದರು.

"ಈಗ ತಿಳೀತೇನು?" ಎಂದರು. "ನೀವು ಈ ಹಲಿಗಿ ಹೊಡೆದಾಗಿಂದ ಇಪ್ಪತ್ತಾರು ವರ್ಷ ಈ ಸ್ಟೂಲ್ ಹತ್ತಾಕತ್ತೀನಿ. ಹೇಳಿದ್ದು ಎಷ್ಟು ಸಲ ಅಂತ ನೆನಪಿಲ್ಲ."

ಬಂಡೆಪ್ಪನವರ ಮುಖ ನಾಚಿಕೆಯಿಂದ ಸಣ್ಣದಾಯಿತು. ಊಟಕ್ಕೆ ಮೊದಲೇ ಸ್ಪ್ಯಾನರ್ ತಂದು ಆ ಹಲಗೆ ಬಿಚ್ಚಿದರು, ಜಯಮ್ಮನನ್ನು ಗೋಡೆಗೆ ನಿಲ್ಲಿಸಿ ಅವರ ಭುಜಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ಮತ್ತೆ ಹೊಡೆದರು. ಇಂಥ ಮನುಷ್ಯನನ್ನು ಮೆಚ್ಚದೆ ಇರುವುದು ಹೇಗೆ? ಬಹಳ ಜನ ತಪ್ಪನ್ನು ಒಪ್ಪಿಕೊಂಡು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ.

ಮಂಗಳವಾರದಿಂದ ಶನಿವಾರದವರೆಗೆ ಅವರು ಬೆನ್ನು ನೆಟ್ಟಗೆ ಮಾಡಲಿಲ್ಲ. ಕೊಕ್ಕೆಗಳನ್ನೆಲ್ಲ ಕಿತ್ತರು, ತೂತು ಮುಚ್ಚಿದರು, ಹಳೆಯ ಆಕಾರಗಳ ಮೇಲೆ ಸುಣ್ಣ ಬಳಿದರು. ಸಂಜೆ ಆಫೀಸಿನಿಂದ ಬಂದ ಒಬ್ಬೊಬ್ಬರನ್ನೂ ಕರೆದು ಗೋಡೆಗೆ ನಿಲ್ಲಿಸಿದರು. "ಓಡಸೋರು ಯಾರೋ ಅವರೇ ಬರ್ರಿ, ತಗೊಂಡೋರಲ್ಲ" ಎಂದು ಹಟ ಹಿಡಿದರು. ಗಂಡ ಕೊಂಡ ಸೈಕಲ್ಲಿಗೆ ಹೆಂಡತಿ ಬಂದು ನಿಂತದ್ದೂ ಉಂಟು. ಭುಜದ ಗುರುತಿಗೆ ಕೊಕ್ಕೆ, ಹಿಂದೆ ಹೊಸದಾಗಿ ಕಪ್ಪು ಆಕಾರ, ಮತ್ತೆ ಒಂದೊಂದಕ್ಕೂ ನೇತಾಟ. ಈ ಸಲ ಕೊಕ್ಕೆ ತಗ್ಗಿನಲ್ಲಿದ್ದು ಕೂತು ಜೋಲುವಂತಾಗಿತ್ತು, ವಾಚ್‌ಮನ್ ಇನ್ನೂ ಹೆಚ್ಚು ನಕ್ಕ. ಗೋಡೆ ಈಗ ಮೊದಲಿನ ಹಾಗೆ ಒಂದೇ ಸಾಲಿನಲ್ಲಿರಲಿಲ್ಲ, ಏರಿಳಿದು ಅಂಕುಡೊಂಕಾಗಿತ್ತು. ಫೋಟೊ ತೆಗೆಯಲು ಯಾರೂ ಬರಲಿಲ್ಲ.

ಶನಿವಾರ ಸಂಜೆ ಡಬ್ಬಿ ತೆರೆದು ಬಿಲ್ಲೆಗಳನ್ನು ಅವರವರ ಕೈಗೇ ಕೊಟ್ಟರು.

"ಒಯ್ಯುವಾಗ ಇದನ್ನ ಕೊಕ್ಕಿಗಿ ಸಿಕ್ಕಸ್ರಿ. ಅಷ್ಟ ಮಾಡ್ರಿ ಸಾಕು. ನನಗ ತಿಳೀತೈತಿ."

ವತ್ಸಲಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಹೋದಳು. ಉಳಿದವರು ಜೇಬಿಗಿಳಿಸಿದರು. ಏಳು ತಿಂಗಳು ಮುಟ್ಟದವರು ಒಂದೇ ಬೆಳಗಿಗೆ ಮುಟ್ಟಿಯಾರೇ ಎಂದು ಬಂಡೆಪ್ಪನವರಿಗೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತು.

ಭಾನುವಾರ ಮಿಯಾಪುರದ ಬಸ್ಸು ತಡವಾಯಿತು. ಅವರು ಗೇಟಿಗೆ ಬಂದಾಗ ಗುಜರಿಯವನ ಟೆಂಪೊ ಆಗಲೇ ನಿಂತಿತ್ತು, ಹಿಂದೆ ಏನನ್ನೋ ತುಂಬಿ ತಾಡಪತ್ರಿ ಬಿಗಿದಿತ್ತು. ವಾಚ್‌ಮನ್ ಇರಲಿಲ್ಲ. ಬಂಡೆಪ್ಪನವರು ನೆಲಮಾಳಿಗೆಯ ಇಳಿಜಾರಿನಲ್ಲಿ ಓಡಿದರು.

ಗೋಡೆಯ ಮೇಲೆ ಒಂದು ಸೈಕಲ್ಲೂ ಇರಲಿಲ್ಲ. ಹದಿನಾಲ್ಕೂ ಕಪ್ಪು ಆಕಾರಗಳು ಅವರನ್ನೇ ನೋಡುತ್ತಿದ್ದವು. ಮೂವತ್ತೊಂದು ವರ್ಷ ಯಾವುದನ್ನು ಕಾಣಬಾರದೆಂದು ಹೆದರಿ ಬದುಕಿದ್ದರೋ ಅದೇ ಕಣ್ಣೆದುರು ನಿಂತಿತ್ತು. ಅವರು ಕಂಬ ಹಿಡಿದು ನಿಂತರು.

ಆಮೇಲೆ ಕಿಂಡಿಯ ಬೆಳಕಿನಲ್ಲಿ ನಾಲ್ಕನೇ ಕೊಕ್ಕೆಯ ಮೇಲೆ ಏನೋ ಮಿಂಚಿತು. ಹತ್ತಿರ ಹೋದರು. ಬಿಲ್ಲೆ. ಐದರಲ್ಲಿ ಬಿಲ್ಲೆ, ಆರರಲ್ಲಿ ಬಿಲ್ಲೆ. ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಎಣಿಸಿದರು, ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು. ಹದಿನಾಲ್ಕು.

ಹಿಂದಿನಿಂದ ರವಿಕಿರಣನ ದನಿ ಕೇಳಿತು. "ಆರಕ್ಕ ಹೊಂಟ್ರು, ವತ್ಸಲಾ ಮುಂದ. ಬೊಟಾನಿಕಲ್ ಗಾರ್ಡನ್ ಕಡೆ. ಒಂಬತ್ತನೇದು ನಂದರಿ. ನಮ್ಮನಿಯಾಕಿ ತಗೊಂಡು ಹೋಗ್ಯಾಳ. ಗುಜರಿಯವಗ ಹಳೇ ನೀರಿನ ಟ್ಯಾಂಕ್ ಕೊಟ್ಟೆ. ಕಾರಿಗೆ ಬ್ಯಾರೆ ಜಾಗ ನೋಡೂನು."

ಬಂಡೆಪ್ಪನವರು ತಲೆಯಾಡಿಸಿದರು. ಕುರ್ಚಿ ಎಳೆದುಕೊಂಡು ಗೋಡೆಯೆದುರು ಕೂತರು. ಎಲ್ಲ ವಾಪಸು ಬರುವವರೆಗೆ ಬಾಗಿಲು ಹಾಕದೆ ಕಾಯುವುದು ಅವರ ಹಳೆಯ ಅಭ್ಯಾಸ. ಆದರೆ ಇವತ್ತು, ಹೋದವರು ನಿಧಾನವಾಗಿ ಬರಲಿ ಎಂದು ಅವರಿಗೆ ಮೊದಲ ಸಲ ಅನ್ನಿಸಿತು.