ಡಬ್ಬದ ಹಿಂದೆ ಕೂತು ಕೇಳಿದವರು

ಸ್ಕ್ರೂಡ್ರೈವರಿನ ಹಳದಿ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಅದರ ಕಬ್ಬಿಣದ ತುದಿಯನ್ನು ರಿಪೇರಿಗೆ ಬಂದ ಡಬ್ಬದ ಮೈಗೆ ತಾಗಿಸಿ, ಬಾಯಿ ಅರ್ಧ ತೆರೆದು ಕೇಳುತ್ತಾ ನಿಲ್ಲುತ್ತಿದ್ದರು ಚಾಚಾ. ಎಡಗಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿ. ಹೆಬ್ಬೆರಳ ತುದಿ ಬೆಸುಗೆಯ ಬಿಸಿಗೆ ಸುಟ್ಟು ಸುಟ್ಟು ಹುಣಸೆಬೀಜದ ಹಾಗೆ ನುಣುಪಾಗಿತ್ತು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಕೈಯೆತ್ತಿ "ಶ್! ಅದು ಏನೋ ಹೇಳ್ತಾ ಐತೆ" ಅನ್ನುವರು. ಸತ್ತು ಮಲಗಿದ ಟ್ರಾನ್ಸಿಸ್ಟರು ಏನು ಹೇಳುತ್ತೋ, ನಮಗಂತೂ ಕೇಳುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ನನ್ನ ತವರುಮನೆಯ ಎದುರಿಗೇ ಅವರ ರೇಡಿಯೋ ಅಂಗಡಿ. ಬೀದಿಯವರಿಗೆಲ್ಲ ಚಾಚಾ, ನಮಗೂ ಚಾಚಾ. ವರವು ಕಾವಲಿನ ಹುಲ್ಲುಗಾವಲ ಕಡೆಯ ದನಗಾಹಿಗಳು ತಂದ ಟ್ರಾನ್ಸಿಸ್ಟರನ್ನು ಬೋರಲು ಹಾಕಿ, ಅದರೊಳಗಿನ ಹುಲ್ಲಿನ ಬೀಜ ಉದುರಿಸುತ್ತಾ, "ಏನ್ಲೇ, ರೇಡಿಯೋ ತಂದೀಯೋ, ಹೊರೆ ಹುಲ್ಲು ತಂದೀಯೋ?" ಅಂತ ರೇಗಿಸುವರು. ಸರಿಯಾಗಿ ಹಾಡತೊಡಗಿದ ಡಬ್ಬವನ್ನು ಅಂಗಡಿಯ ಮುಂದಿನ ಹಲಗೆಯ ಮೇಲೆ, ಬೀದಿಗೆ ಮುಖ ಮಾಡಿ ಇಡುವುದು ಅವರ ಪದ್ಧತಿ. ಅವರು ಅದರ ಹಿಂದೆ, ಸ್ಟೂಲಿನ ಮೇಲೆ. "ಅಂಗಡಿ ಡಬ್ಬ ಬೀದಿಗೆ ಹಾಡ್ಬೇಕು ಬೇಟಿ, ಅಂಗಡಿಯೋನಿಗಲ್ಲ" ಅನ್ನುವರು. ಜಂಬಕ್ಕೇನೂ ಕಡಿಮೆ ಇರಲಿಲ್ಲ. "ಈ ತಾಲ್ಲೂಕಲ್ಲಿ ನಾನು ಮಾತಾಡಿಸದ ಡಬ್ಬ ಯಾವ್ದೈತೆ, ತೋರ್ಸು!"

ಅಂಥದ್ದೊಂದು ಡಬ್ಬ ಕೊನೆಗೆ ನಮ್ಮ ಮನೆಗೇ ಬಂತು.

ನಾನು ಮದುವೆಯಾಗಿ ಸೇರಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮನೆ. ಸೀರೆಯ ಅಂಚಿಗೆ ನವಿಲು ಬರಬೇಕಾದರೆ ಮೊದಲು ಅದು ಚೌಕುಳಿ ಕಾಗದದ ಮೇಲೆ ಬರಬೇಕು, ಆಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮೇಲೆ. ಆ ಕಾರ್ಡುಗಳ ಸರವನ್ನು ಮಗ್ಗದ ನೆತ್ತಿಗೆ ತೂಗುಹಾಕಿದರೆ ತೂತು ಇದ್ದ ಕಡೆ ಎಳೆ ಏಳುತ್ತೆ, ಇಲ್ಲದ ಕಡೆ ಇಲ್ಲ. ಬರೆಯುವ ಕೆಲಸ ನನ್ನದಾಯಿತು. ತೂತು ಹೊಡೆಯುವುದು ಮಾವನವರದು. ಹಿಂದೆಲ್ಲ ಒಬ್ಬರು ಸಾಲು ಸಾಲಾಗಿ ಓದಬೇಕು, ಇನ್ನೊಬ್ಬರು ಹೊಡೆಯಬೇಕು. ತೊಂಬತ್ತರ ದಶಕದ ನಡುವೆ ತರಬೇತಿ ಕೊಡಲು ಬಂದಿದ್ದ ಒಬ್ಬ ಮೇಷ್ಟ್ರು ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಡಾಸ್ ಪ್ರೋಗ್ರಾಮು ಹಾಕಿಕೊಟ್ಟು ಹೋದರು. ನಾನು ಬರೆದದ್ದನ್ನು ಅದಕ್ಕೆ ತುಂಬಿದರೆ ಸಾಕು, ಓದುವ ಕೆಲಸ ಅದರ ಪಾಲಾಯಿತು. ತೂತು ಬೇಕಾದ ಕಡೆ "ಟಿಂಗ್", ಬೇಡದ ಕಡೆ "ಟಕ್". ಕಾರ್ಡಿನ ಎಡ ಅರ್ಧದ ಸದ್ದು ಎಡಗಡೆಯ ಸ್ಪೀಕರಿನಿಂದ, ಬಲ ಅರ್ಧದ್ದು ಬಲಗಡೆಯದರಿಂದ. ಎಡಕ್ಕೆ ಕೇಳಿದ್ದನ್ನು ಕಾರ್ಡಿನ ಯಂತ್ರದ ಮೇಲೆ ಎಡಗೈ ಗುರುತಿಸುವುದು, ಬಲಕ್ಕೆ ಕೇಳಿದ್ದನ್ನು ಬಲಗೈ. ಒಂದು ಸಾಲು ಮುಗಿದರೆ ಕಾಲಿನ ಮಣೆ ಒತ್ತುವುದು, ಖಟ್! ಒಂದು ಕಾರ್ಡು.

ಮಾವನವರಿಗೆ ಆ ಸದ್ದು ಎಷ್ಟು ಒಗ್ಗಿತ್ತೆಂದರೆ ಒಂದೆರಡು ಸಾಲು ಕೇಳಿಯೇ "ಇದು ರುದ್ರಾಕ್ಷಿ ಅಂಚು", "ಇದು ಹಂಸ" ಅನ್ನುತ್ತಿದ್ದರು. ಒಳ್ಳೆಯದೇ ಆಯಿತು, ಯಾಕೆಂದರೆ ಅಷ್ಟರಲ್ಲಿ ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಆಪರೇಷನ್ ಮಾಡಿಸಿದ ಮೇಲೂ ಚೌಕುಳಿ ಕಾಗದ ಅವರಿಗೆ ಬರೀ ಬೂದಿಬಣ್ಣವಾಗಿ ಕಾಣುತ್ತಿತ್ತು. ಸದ್ದು ಇತ್ತು, ಆದ್ದರಿಂದ ಕಸುಬು ಇತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಒಂದು ಮುಂಗಾರು ಸಿಡಿಲಿಗೆ ಹಳೆಯ ಕಂಪ್ಯೂಟರು ಸುಟ್ಟು ಕರಿಯಾಯಿತು. ಹೊಸದು ತಂದೆವು. ಪ್ರೋಗ್ರಾಮು ಫ್ಲಾಪಿಯಲ್ಲಿತ್ತು, ಹಾಕಿದೆವು. ಪರದೆಯ ಮೇಲೆ ನವಿಲು ಬಂತು, ಸಾಲು ಓಡಿತು. ಸದ್ದು ಮಾತ್ರ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಸಿನಿಮಾ ಹಾಡು ಹಾಕಿದರೆ ಗೋಡೆ ನಡುಗುತ್ತೆ, ನಮ್ಮ ಡಾಸ್ ಪ್ರೋಗ್ರಾಮಿಗೆ ಮಾತ್ರ ಮೌನವ್ರತ.

ನಾನೇ ಓದುತ್ತೇನೆ ಅಂದೆ. ಮಾವನವರು ಎರಡು ದಿನ ಒಪ್ಪಿದರು. ಮೂರನೆಯ ದಿನ, ತಮ್ಮ ಮನೆಮಾತಿನ ತೆಲುಗು ಬೆರೆಸಿ, "ಚಾಲು ಅಮ್ಮ, ಸಾಕು. ಒಲೆ ಮೇಲೆ ಸಾರು, ಕೈಯಲ್ಲಿ ಬರೆಯೋ ಕೆಲ್ಸ, ಅದರ ಮ್ಯಾಲೆ ನನಗೆ ಓದಿ ಹೇಳೋದು. ಒಬ್ಬರ ಬಾಯಿ ನೋಯ್ಸಿ ನಾನು ಹೊಡೀಬೇಕಾ?" ಅಂದು ಕಾರ್ಡಿನ ಯಂತ್ರಕ್ಕೆ ಹಳೆಯ ಪಂಚೆ ಹೊದಿಸಿಬಿಟ್ಟರು. ಆಮೇಲೆ ಜಗಲಿಯಲ್ಲಿ ಕೂತು ಬರೀ ಕೈಬೆರಳು ಮಡಚುವುದು, ಬಿಡಿಸುವುದು. ನನಗದು ನೋಡಲಾಗಲಿಲ್ಲ. ತವರಿಗೆ ಹೋದವಳು ಚಾಚಾನ ಅಂಗಡಿಗೆ ನುಗ್ಗಿದೆ.

ಪೂರ್ತಿ ಕೇಳಿಸಿಕೊಂಡು ಅವರು ಮೊದಲು ಮಾಡಿದ್ದು ತೊಡೆ ತಟ್ಟಿದ್ದು. "ಹಾಡೋಕೆ ಬರ್ತೈತೆ, ಕರೆದ್ರೆ ಓ ಅನ್ನಲ್ಲ? ಬೇಟಿ, ಸದ್ದು ನಿಂತ್ರೆ ಸತ್ತೋಯ್ತು ಅಂತಲ್ಲ. ಬಾಯಿ ಯಾವ ಕಡೆ ಐತೆ ಅಂತ ಹುಡುಕ್ಬೇಕು. ನಾನೇ ಬರ್ತೀನಿ ನಡಿ!"

ಬಂದರು. ಸ್ಕ್ರೂಡ್ರೈವರು ಕಿವಿಗೆ ಹಚ್ಚಿ ಹೊಸ ಕಂಪ್ಯೂಟರಿಗೆ ಕಿವಿಗೊಟ್ಟರು. ಸುಟ್ಟ ಕಂಪ್ಯೂಟರಿನಿಂದ ಸದ್ದಿನ ಕಾರ್ಡು ಬಿಚ್ಚಿ ತಂದು ಹೊಸದರೊಳಗೆ ಇಳಿಸಲು ನೋಡಿದರು. ಹಳೆಯ ಕಾರ್ಡಿನ ಹಲ್ಲು ಉದ್ದ, ಹೊಸದರ ಬಾಯಿ ಗಿಡ್ಡ. ಎಲ್ಲಿ ಕೂರುತ್ತೆ? "ಎತ್ತಿನ ನೊಗ ತಂದು ಸ್ಕೂಟರಿಗೆ ಕಟ್ಟೋಕೆ ಹೊಂಟೀನಿ" ಅಂತ ತಮ್ಮನ್ನೇ ಬೈದುಕೊಂಡು ನಕ್ಕರು. ಕಂಪ್ಯೂಟರು ಅವರಿಗೂ ಹೊಸದೇ. ಆದರೆ ಗೊತ್ತಿಲ್ಲ ಅನ್ನುವುದು ಅವರಿಗೆ ಅವಮಾನವಾಗಿರಲಿಲ್ಲ, ಹಬ್ಬವಾಗಿತ್ತು.

ವಾರ ಕಳೆದು ಚಳ್ಳಕೆರೆಯ ಬಸ್ಸಿನಿಂದ ಇಳಿದರು. ಒಂದು ಸೀಡಿ, ಕಂಕುಳಲ್ಲಿ ತಮ್ಮ ಅಂಗಡಿಯದೇ ಜೋಡಿ ಸ್ಪೀಕರು. "ನಿಮ್ಮವು ತಗಡು. ಇವು ಕೇಳು!" ಸೀಡಿಯಲ್ಲಿದ್ದುದು ಸೈಬರ್ ಅಂಗಡಿಯವನ ಬೆನ್ನು ಹತ್ತಿ ಇಳಿಸಿಕೊಂಡು ಬಂದಿದ್ದ ಒಂದು ಪುಟ್ಟ ಪ್ರೋಗ್ರಾಮು. ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಳೆಯ ಕಂಪ್ಯೂಟರೊಂದು ಕೂತಿದೆ ಎಂದು ಡಾಸ್ ಪ್ರೋಗ್ರಾಮನ್ನು ನಂಬಿಸುವುದು ಅದರ ಕೆಲಸ. ಜೊತೆಗಿದ್ದ ಇಂಗ್ಲಿಷನ್ನು ನಾನು ಓದಿ ಓದಿ ಹೇಳಬೇಕು, ಅವರು ಅಡ್ಡ ಪ್ರಶ್ನೆ ಹಾಕಬೇಕು. ಸದ್ದಿನ ಕಾರ್ಡಿಗೆ ಇನ್ನೂರಿಪ್ಪತ್ತು, ಐದು, ಒಂದು ಎಂದು ಮೂರು ಅಂಕಿ ಬಂದಾಗ ನಾನು ತಬ್ಬಿಬ್ಬಾದೆ. ಚಾಚಾ ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಕುಣಿದೇಬಿಟ್ಟರು.

"ಮನೆ ಬೇಟಿ, ಮನೆ! ಇನ್ನೂರಿಪ್ಪತ್ತು ಮನೆ ನಂಬರು. ಐದು ಅಂದ್ರೆ ಬಾಗಿಲ ಗಂಟೆ. ಒಂದು ಅಂದ್ರೆ ಹಿತ್ತಿಲ ಬಾಗಿಲು. ಯಜಮಾನನ್ನ ಎಬ್ಬಿಸದಂಗೆ ನೀರಿನ ಬಿಂದಿಗೆ ಒಳಕ್ಕೆ ಹೋಗ್ತಾವಲ್ಲ, ಅದು! ನಿನ್ನ ಹಳೇ ಪ್ರೋಗ್ರಾಮು ಪಾಪ ಇಷ್ಟು ದಿನ ಆ ನಂಬರಿನ ಮನೆ ಮುಂದೆ ನಿಂತು ಗಂಟೆ ಒತ್ತೈತೆ. ಮನೇನೇ ಇಲ್ಲ ಅಲ್ಲಿ!"

ಅಂಕಿಗಳನ್ನು ತುಂಬಿದೆ. ಗುಂಡಿ ಒತ್ತಿದೆ. ಕಾದ ಬಾಣಲೆಗೆ ಸಾಸಿವೆ ಸುರಿದ ಹಾಗೆ ಚಟಪಟಚಟಪಟ ಅಂತ ಸದ್ದು ಸಿಡಿಯಿತು.

"ಬಂತು!" ಅಂತ ಚಾಚಾ ಕೂಗಿದರು. ಜಗಲಿಯಿಂದ ಮಾವನವರು ಗೋಡೆ ಹಿಡಿದುಕೊಂಡು ಓಡಿಬಂದರು. "ಏಮಂಡೀ ಸಾಹೇಬ್ರೆ, ಇದೇನಿದು, ನವಿಲಿಗೆ ಜ್ವರ ಬಂದೈತಾ?" ಅಷ್ಟು ವೇಗಕ್ಕೆ ಯಾರ ಕೈ ಓಡೀತು? ಹೊಸ ಯಂತ್ರದ ಅವಸರ ಹಳೆಯ ಪ್ರೋಗ್ರಾಮಿಗೆ ಹತ್ತಿಕೊಂಡಿತ್ತು. ವೇಗಕ್ಕೂ ಒಂದು ಅಂಕಿ ಇರುವುದನ್ನು ನಾನು ಓದುವಾಗಲೇ ಕಂಡಿದ್ದೆ. ಹಾಲು ಉಕ್ಕುವಾಗ ಉರಿ ತಗ್ಗಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಸಾಸಿವೆ ಹೋಗಿ ಮಳೆಹನಿಯಾಯಿತು, ಹನಿ ಹೋಗಿ ಹೆಜ್ಜೆಯಾಯಿತು. ಟಿಂಗ್, ಟಿಂಗ್, ಟಕ್, ಟಿಂಗ್.

"ನಿಲ್ಸಮ್ಮ, ಅಲ್ಲೇ! ಅದೇ, ಅದೇ ನಡಿಗೆ!" ಮಾವನವರ ದನಿಯೇ ಬದಲಾಗಿತ್ತು. ಯಂತ್ರದ ಮೇಲಿನ ಪಂಚೆಯನ್ನು ಅವರೇ ಕಿತ್ತೆಸೆದರು. ಮೂವರೂ ಒಟ್ಟಿಗೇ ಮಾತಾಡುತ್ತಿದ್ದೆವು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಚಾಚಾ ಸ್ಪೀಕರುಗಳನ್ನು ಮೇಜಿನ ಆಚೆ ಅಂಚಿನಲ್ಲಿ ಮಾವನವರ ಕಡೆಗೆ ಮುಖ ಮಾಡಿ ಜೋಡಿಸಿದರು. ತಾವು ಹಿಂದೆ ನಿಂತು, ಕಿವಿಗೊಟ್ಟು, ಎಡ ಬಲ ನೋಡಿಕೊಂಡು, "ಬಸ್! ಪಕ್ಕಾ!" ಅಂದು ಸಂಜೆ ಬಸ್ಸು ಹಿಡಿದರು.

ಮುಖಾಮುಖಿ ನವಿಲಿನ ಅಂಚು ಅದು. ಎರಡು ನವಿಲು ಎದುರುಬದುರು ನಿಂತು ನಡುವಿನ ಹೂವಿಗೆ ಕೊಕ್ಕು ಚಾಚಿರಬೇಕು. ಮದುವೆ ಸೀರೆಗೆ ಬೇರೆ ಅಂಚನ್ನು ನಮ್ಮ ಕಡೆ ಅಷ್ಟಾಗಿ ಕೇಳುವುದಿಲ್ಲ. ಮಾವನವರು ಕಾರ್ಡು ಹೊಡೆದು ಮುಗಿಸಿದರು. ಪಕ್ಕದ ಬೀದಿಯ ನೇಕಾರ ಅವನ್ನು ಮಗ್ಗಕ್ಕೆ ಏರಿಸಿ ಗೇಣುದ್ದ ನೇಯ್ದು, ಆ ತುಂಡನ್ನು ಹಿಡಿದು ಬಂದ.

"ಏನ್ರೀ ಯಜಮಾನ್ರೆ, ನಿಮ್ಮ ನವಿಲು ಗಂಡ ಹೆಂಡ್ತಿ ಜಗಳ ಆಡ್ಯಾವೇನ್ರಿ?"

ಎರಡೂ ನವಿಲು ಬೆನ್ನಿಗೆ ಬೆನ್ನು ಕೊಟ್ಟು, ಒಂದು ಮೂಡಲಿಗೆ ಇನ್ನೊಂದು ಪಡುವಲಿಗೆ ನೋಡುತ್ತಿದ್ದವು. ಹೂವು ಅರ್ಧ ಆ ತುದಿಗೆ, ಅರ್ಧ ಈ ತುದಿಗೆ. ನೇಕಾರ ತಮಾಷೆಗೆ ಅಂದದ್ದು. ಮಾವನವರು ನಗಲಿಲ್ಲ. ತುಂಡನ್ನು ಬೆರಳಲ್ಲಿ ಸವರಿ ಸವರಿ ನೋಡಿ, "ಕಣ್ಣು ಹೋಯ್ತು ಅಂತಿದ್ದೆ. ಈಗ ಕೈಯೂ ಹೋಯ್ತಮ್ಮ. ಎಡ ಯಾವ್ದು ಬಲ ಯಾವ್ದು ತಿಳೀದಂಗಾತು" ಅಂದರು. ಪಂಚೆ ಮತ್ತೆ ಯಂತ್ರದ ಮೇಲೆ ಬಿತ್ತು. ನಾನು ಬರೆದದ್ದನ್ನು ತಿರುಗಿಸಿ ಮುರುಗಿಸಿ ನೋಡಿದೆ, ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಅವರ ಕೈಯದೇ ಇರಬೇಕು ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತಾಯಿತು.

ಚಾಚಾಗೆ ಫೋನು ಮಾಡಿದೆ. ಮರುದಿನದ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಖಾರ ಬಿಸ್ಕತ್ತಿನ ಪೊಟ್ಟಣ, ಮುಖದಲ್ಲಿ ನಗುವಿಲ್ಲ.

"ಹೊಡೀರಿ, ನಾನು ನೋಡ್ತೀನಿ" ಅಂದರು. ಮಾವನವರು ಒಲ್ಲದ ಮನಸ್ಸಿನಿಂದ ಕೂತರು. ಚಾಚಾ ರೂಢಿಯಂತೆ ಸ್ಪೀಕರುಗಳ ಹಿಂದೆ, ಗೋಡೆಗೆ ಒರಗಿದ ಸ್ಟೂಲಿನ ಮೇಲೆ. ಸದ್ದು ಶುರುವಾಯಿತು. ಚಾಚಾ ಕಣ್ಣು ಮುಚ್ಚಿ ಎರಡೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು: ಎಡಕ್ಕೆ ಬಂದರೆ ಎಡತೊಡೆ, ಬಲಕ್ಕೆ ಬಂದರೆ ಬಲತೊಡೆ. ಪರದೆಯಲ್ಲಿ ಎಡ ಅರ್ಧ ಓಡುವಾಗ ಅವರ ಎಡಗೈ ಆಡುತ್ತಿತ್ತು. ಸರಿಯಾಗಿತ್ತು.

"ನನಗೆ ಸರಿಯಾಗೇ ಕೇಳ್ತೈತಲ್ಲ!" ಅಂತ ಕಣ್ಣು ಬಿಟ್ಟರು. ಎದುರಿಗೆ ಮಾವನವರ ಬಲಗೈ ಆಡುತ್ತಿತ್ತು.

ಚಾಚಾ ತಮ್ಮ ಎಡಗೈ ನೋಡಿಕೊಂಡರು. ಮಾವನವರ ಬಲಗೈ ನೋಡಿದರು. ಇನ್ನೊಂದು ಸಾರಿ ತಮ್ಮದು. ಆಮೇಲೆ ಹಣೆಹಣೆ ಚಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗತೊಡಗಿದರು.

"ಯಾ ಅಲ್ಲಾ! ನನ್ನ ಎಡ! ನಾನು ನನ್ನ ಎಡಕ್ಕೆ ಇಟ್ಟೀನಿ! ಎದುರಿಗೆ ಕೂತೋರಿಗೆ ಅದು ಬಲ ಅಲ್ವಾ? ರೀ, ನಿಮ್ಮ ಕೈಗೇನಾಗೈತ್ರಿ, ಬಂಗಾರ ಅದು. ಅದಕ್ಕೆ ಏನು ಕೇಳ್ತೋ ಅದನ್ನೇ ಹೊಡೆದೈತೆ. ತಪ್ಪು ನಂದು! ಹುಟ್ಟಿದಾಗಿಂದ ಡಬ್ಬದ ಹಿಂದೆ ಕೂತು ಕೇಳಿದೋನು ನಾನು!"

ತಪ್ಪು ತನ್ನದು ಅಂತ ಅಷ್ಟು ಸಡಗರದಿಂದ ಕೂಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಬೀದಿಯವರು ಇಣುಕಿ ನೋಡಿದರು. ಅವರಿಗೂ ಕರೆದು ಹೇಳಿದರು. ಮಾವನವರು ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು, ಕಾಣದ ಕಣ್ಣಿನಿಂದ ನೋಡಿಕೊಂಡರು. ಕಳೆದುಹೋಗಿ ಸಿಕ್ಕಿದ ಎತ್ತಿನ ಜೋಡಿಯನ್ನು ನೋಡುವ ಹಾಗೆ.

ಸ್ಪೀಕರುಗಳು ಅದಲುಬದಲಾದವು. ಚಾಚಾ ಮತ್ತೆ ಹಿಂದಿನ ಸ್ಟೂಲಿಗೆ ಹೊರಟಾಗ ಮಾವನವರು ತಡೆದು, ತಮ್ಮ ಮಣೆಯಿಂದ ಎದ್ದರು.

"ಸಾಹೇಬ್ರೆ, ಬರ್ರಿ. ಒಂದ್ಸಲ ಈ ಕಡೆ ಕೂತು ಕೇಳ್ರಿ."

"ಅಯ್ಯೋ, ಅದು ನಿಮ್ಮ ಜಾಗ ರೀ."

"ಕೂತ್ಕೊಳ್ರಿ ಅಂದೆ."

ಕೂತರು. ಎಡಗಿವಿಯ ಅತ್ತರಿನ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಗುಂಡಿ ಒತ್ತಿದೆ. ನವಿಲಿನ ಬಾಲ ಎಡದ ತುದಿಯಿಂದ ಹೊರಟು, ಕುತ್ತಿಗೆಯಾಗಿ, ಕೊಕ್ಕಾಗಿ, ನಡುವಿನ ಹೂವಿಗೆ ಬಂದು, ಬಲದ ನವಿಲಿಗೆ ದಾಟಿಕೊಂಡಿತು. ಚಾಚಾನ ತಲೆ ಎಡದಿಂದ ಬಲಕ್ಕೆ ನಿಧಾನ ತಿರುಗಿತು, ಹಕ್ಕಿಯೊಂದು ಮುಂದೆ ನಡೆದುಹೋದ ಹಾಗೆ.

"ಅರೇ," ಅಂದರು, ಬಹಳ ಮೆಲ್ಲಗೆ. "ಇದು ನಡೀತೈತೆ!"

ಆ ಅಂಚಿನ ಸೀರೆಗಳು ಎಷ್ಟು ಮದುವೆಮನೆಗೆ ಹೋದವೋ. ಮಾವನವರು ಆಮೇಲೂ ವರ್ಷಗಟ್ಟಲೆ ಕಾರ್ಡು ಹೊಡೆದರು. ಕಣ್ಣು ಪೂರ್ತಿ ಹೋದ ಮೇಲೂ ಹೊಡೆದರು. ಕಂಪ್ಯೂಟರು ಬದಲಾದಾಗಲೆಲ್ಲ ಮೊದಲು ಇನ್ನೂರಿಪ್ಪತ್ತು, ಐದು, ಒಂದು ಎಂದು ನಾನು ಅದಕ್ಕೆ ಮನೆ ಕಟ್ಟಿಕೊಟ್ಟೆ. ಚಾಚಾ ಬಂದಾಗಲೆಲ್ಲ ಮಾವನವರು ಮಣೆ ಬಿಟ್ಟುಕೊಡುವುದು, ಅವರು ಹತ್ತಿ ತೆಗೆದು ಒಂದೆರಡು ಸಾಲು ಕೇಳುವುದು, ನಮ್ಮ ಮನೆಯ ರೂಢಿಯೇ ಆಯಿತು.

ಚಾಚಾ ತೀರಿಕೊಂಡ ಸುದ್ದಿ ತವರಿನಿಂದ ಬಂದಾಗ ಮಾವನವರು ಯಂತ್ರದ ಮುಂದೆ ಇದ್ದರು. "ನಾನೂ ಬರ್ತೀನಿ" ಅಂದರು. ಕೈ ಹಿಡಿದು ಬಸ್ಸು ಹತ್ತಿಸಿದೆ. ಮಣ್ಣು ಮುಗಿಸಿ ಗಂಡಸರು ಹಿಂದಿರುಗಿದ ಮೇಲೆ, ಅಂಗಡಿಗೆ ಕರೆದುಕೊಂಡು ಹೋಗು ಅಂದರು. ಅರ್ಧ ಎಳೆದ ಬಾಗಿಲು. ಮುಂದಿನ ಹಲಗೆಯ ಮೇಲೆ ಸರಿಮಾಡಿಟ್ಟ ಎರಡು ಡಬ್ಬ, ಎರಡೂ ಸದ್ದಿಲ್ಲದೆ. ಮಾವನವರು ಅವುಗಳನ್ನು ಸವರಿದರು.

"ಯಾವ ಕಡೆ ಮುಖ ಮಾಡ್ಯಾವಮ್ಮ?"

"ಬೀದಿ ಕಡೆ ಮಾವ."

"ಹಂಗೇ ಇರ್ಲಿ."

ತಡವರಿಸುತ್ತಾ ಹಿಂದಕ್ಕೆ ಹೋಗಿ ಚಾಚಾನ ಸ್ಟೂಲಿನ ಮೇಲೆ ಕೂತರು. ಆಮೇಲೆ, ಬೀದಿಯವರ ಎಡ ಬಲಕ್ಕೆ ಹೊಂದುವ ಹಾಗೆ, ಕೈಗಳನ್ನು ಕತ್ತರಿ ಹಾಕಿ, ಎಡಗೈಯನ್ನು ಬಲಮಂಡಿಯ ಮೇಲೆ, ಬಲಗೈಯನ್ನು ಎಡಮಂಡಿಯ ಮೇಲೆ ಇಟ್ಟುಕೊಂಡು, ಬಾಯಿ ಅರ್ಧ ತೆರೆದು ಕೇಳತೊಡಗಿದರು.