ಮುಚ್ಚಳದಡಿಯ ಧೂಳು

ಬೆಳಕು ಹರಿಯುವ ಹೊತ್ತಿಗೆ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಗಿರಣಿಯ ಸದ್ದು ಶುರುವಾಗುತ್ತದೆ. ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡ ಹೆಂಗಸೊಬ್ಬರು ಗ್ರಾನೈಟ್ ಚೂರುಗಳನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಿದ್ದಾರೆ. ಉಳಿದವರು ಬರುವುದರೊಳಗೆ ಧೂಳು ಅಡಗಿರಬೇಕು. ಎಲ್ಲರ ಬಾಯಲ್ಲೂ ಇವರು ‘ಪುಡಿಯಕ್ಕ’.

ಇಟ್ಟಿಗೆ, ಸಿಮೆಂಟು, ಕಲ್ಲು ಎಲ್ಲದರಲ್ಲೂ ಭೂಮಿಯಿಂದಲೇ ಬಂದ ವಿಕಿರಣ ಅಷ್ಟಿಷ್ಟು ಇದ್ದೇ ಇರುತ್ತದೆ. ಎಷ್ಟೆಂದು ಯಂತ್ರ ಹೇಳುತ್ತದೆ. ಅದಕ್ಕೂ ಮೊದಲು ಪುಡಿಯನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಟೇಪು ಸುತ್ತಿ ಸುಮಾರು ಒಂದು ತಿಂಗಳು ಇಡಬೇಕು. ಪುಡಿಯಿಂದ ಹೊಮ್ಮುವ ವಿಕಿರಣದ ಅನಿಲ ಸೋರಿಹೋದರೆ ಅಳತೆ ಕಡಿಮೆ ಬಂದು, ಪುಂಡ ಕಲ್ಲೂ ಸಾಧುವಿನಂತೆ ಕಾಣುತ್ತದೆ. ದಿನಕ್ಕೆ ಎರಡು ಡಬ್ಬಿಯಂತೆ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

“ಗಂಡ ಹೋದಾಗ ಮಗಳಿಗೆ ನಾಲ್ಕು ವರ್ಷ. ಕಸ ಗುಡಿಸೋಕೆ ಬಂದೆ. ಕಲ್ಲು ಅರೆಯೋಕೆ ಯಾರೂ ನಿಲ್ತಿರ್ಲಿಲ್ಲ. ನಾನು ನಿಂತೆ, ಅಷ್ಟೇ.”

ಈಚೆಗೆ ಶಿಶುವಿಹಾರವೊಂದರ ಹೊಸ ನೆಲಕ್ಕೆ ತಂದ ಕಲ್ಲು ಪರೀಕ್ಷೆಗೆ ಬಂದಿತ್ತು. ಫಲಿತಾಂಶ ಬರುವತನಕ ಮಕ್ಕಳಿಗೆ ಓಣಿಯಂಥ ಪಡಸಾಲೆಯಲ್ಲೇ ಪಾಠ. ಇಪ್ಪತ್ತೇಳನೇ ದಿನ ಡಬ್ಬಿಯ ಟೇಪಿನಡಿ ಕೂದಲೆಳೆಯಷ್ಟು ಪುಡಿ ಅಂಟಿರುವುದು ಪುಡಿಯಕ್ಕನ ಕಣ್ಣಿಗೆ ಬಿತ್ತು. ತುಂಬಿದ ದಿನ ಡಬ್ಬಿಯ ಅಂಚು ಒರೆಸುವುದನ್ನು ಮರೆತಿದ್ದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಸರ್, ಇದನ್ನ ಅಳೀಬೇಡಿ, ಸೋರಿದೆ” ಅಂದರಂತೆ ಅಳತೆ ಮಾಡುವ ವಿಜ್ಞಾನಿಗೆ.

“ಅಯ್ಯೋ ಪುಡಿಯಕ್ಕ, ಆ ಶಿಶುವಿಹಾರದ ಟೀಚರಮ್ಮ ನನ್ನ ಜೀವ ತಿಂತಾರೆ!”

“ನನ್ನ ತಪ್ಪು. ನನ್ನ ಜೀವ ತಿನ್ನಲಿ ಬಿಡಿ.”

ಟೀಚರಮ್ಮ ಬಂದೇ ಬಂದರು. “ಒರೆಸೋದು ಮರೆತಿದ್ದಕ್ಕೆ ಇನ್ನೊಂದು ತಿಂಗಳಾ? ಮಕ್ಕಳನ್ನ ನನ್ನ ತಲೆ ಮೇಲೆ ಕೂರಿಸ್ಕೊಳ್ಳಲಾ?”

“ಬೈಯಿರಮ್ಮ, ಬೈಸ್ಕೋತೀನಿ. ಆದ್ರೆ ಆ ಮಕ್ಕಳು ದಿನವಿಡೀ ಹೊರಳಾಡೋ ನೆಲ ಅದು. ಅಂದಾಜಲ್ಲಿ ಒಳ್ಳೇದು ಅನ್ನೋಕೆ ನನ್ನ ಕೈಲಾಗಲ್ಲ.”

ಹೊಸ ಡಬ್ಬಿ ತುಂಬಿ, ಅಂಚನ್ನು ಮೂರು ಸಲ ಒರೆಸಿದರು. ಮತ್ತೆ ಒಂದು ತಿಂಗಳು ಕಳೆಯಿತು. ಕಳೆದ ವಾರ ಅಳತೆ ಬಂದಿದೆ: ಮಿತಿಗಿಂತ ಸಾಕಷ್ಟು ಕಡಿಮೆ. ಕಲ್ಲು ಹಾಸುವ ಕೆಲಸ ಈಗ ಭರದಿಂದ ಸಾಗಿದೆ. ಬೈದ ಟೀಚರಮ್ಮನೇ ಫೋನು ಮಾಡಿ, ಹೊಸ ನೆಲದ ಕೋಣೆಯ ಬಾಗಿಲು ತೆರೆಯುವ ದಿನ ಬರಲೇಬೇಕೆಂದು ಕರೆದಿದ್ದಾರೆ.

ಪುಡಿಯಕ್ಕ ನಾಚಿ ನಗುತ್ತಾರೆ. “ಇಷ್ಟು ವರ್ಷ ಬರೀ ಪುಡಿ ನೋಡಿದ್ದೀನಿ. ನಾನು ಅರೆದ ಕಲ್ಲು ನೆಲ ಆಗಿದ್ದನ್ನ ಒಂದು ಸಲಾನೂ ನೋಡಿಲ್ಲ. ಹೋಗಿ, ಬರಿಗಾಲಲ್ಲಿ ಒಂದು ಸುತ್ತು ನಡೆದು ಬರ್ತೀನಿ.”